ಹದಿನಾರು ಪುಟ, ಐನೂರು ಪ್ರತಿ: ಗದಗಿನ ಒಂದು ಪ್ರೆಸ್ಸಿನ ಬಗ್ಗೆ

ದ್ವೇಷ ಭಾಷಣ ವಿಧೇಯಕವನ್ನು ವಿರೋಧಿಸುವ ನಮ್ಮ ಒಂದು ಪುಸ್ತಿಕೆಯನ್ನು ಇಲ್ಲಿ ಮುದ್ರಿಸಿದೆವು. ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ. ಡೆಮಿ 1/8 ಅಳತೆ, 16 ಪುಟ ಅಂದರೆ ಸರಿಯಾಗಿ ಒಂದು ಫಾರಂ (ಒಂದೇ ದೊಡ್ಡ ಹಾಳೆ ಮಡಚಿದರೆ ಬರುವಷ್ಟು ಪುಟ), ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕೆ ಎರಡು ಬಣ್ಣ, ಸೆಂಟರ್ ಪಿನ್. 500 ಪ್ರತಿಗೆ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ), ಪ್ಲೇಟು, ಕಟಿಂಗ್ ಎಲ್ಲ ಸೇರಿ 7,800 ರೂಪಾಯಿ ಆಯಿತು. ಪ್ರತಿಗೆ 15 ರೂಪಾಯಿ 60 ಪೈಸೆ. ಪಕ್ಕಾ ಬಿಲ್ ಕೊಟ್ಟರು. ಐದು ದಿನ ಅಂದಿದ್ದರು, ಒಂಬತ್ತು ದಿನ ಹಿಡಿಯಿತು. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಳೆದೆ ಅನ್ನೋದು ಕೆಳಗೆ ಬರುತ್ತದೆ.

ಪ್ರೆಸ್ಸಿನ ಹೆಸರು ಇಲ್ಲಿ ಹಾಕುತ್ತಿಲ್ಲ. ಮಾಲೀಕರನ್ನು ಕೇಳಿದೆ, ಸದ್ಯಕ್ಕೆ ಬೇಡ ಅಂದರು. ಪುಸ್ತಿಕೆ ಕೈಗೆ ಸಿಕ್ಕವರಿಗೆ ಎರಡನೇ ಪುಟದಲ್ಲಿ ಹೆಸರು, ವಿಳಾಸ ಎರಡೂ ಸಿಗುತ್ತವೆ. ಬರೀ ಮುದ್ರಣದ ಗುಣಮಟ್ಟ ತಿಳಿಯಬೇಕಾದವರಿಗೆ ಮೇಲಿನ ಪ್ಯಾರಾ ಸಾಕು. ಆದರೆ ನಾನು ಉದ್ದಕ್ಕೆ ಬರೆಯುವವಳಿದ್ದೇನೆ. ಯಾಕೆಂದರೆ ಈ ಪ್ರೆಸ್ಸು ನಮಗೆ ಕಾಗದ, ಶಾಯಿಗಿಂತ ಜಾಸ್ತಿ ಕೊಟ್ಟಿದೆ.

ನಾವು ಧಾರವಾಡದಲ್ಲಿ ಆರು ಜನ ತಿಂಗಳಿಗೊಮ್ಮೆ ಕೂತು ಓದುವವರು. ಇಬ್ಬರು ಮಾಸ್ತರರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ವಕೀಲಿಕೆ ಕಲಿಯುತ್ತಿರುವ ಹುಡುಗ, ನಾನು, ನನ್ನ ಗೆಳತಿ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳ ತಡೆ ವಿಧೇಯಕ ಪಾಸಾಯಿತಲ್ಲ, ಅದನ್ನು ನಾವು ಸಾಲು ಸಾಲು ಓದಿದೆವು. ಓದಿ ಎದೆ ಭಾರವಾಯಿತು. ಅದಕ್ಕೇ ಈ ಪುಸ್ತಿಕೆ. ಹೆಸರು "ದ್ವೇಷವೂ ಬೇಡ, ಈ ಕಾಯ್ದೆಯೂ ಬೇಡ".

ಹುಬ್ಬಳ್ಳಿ ಧಾರವಾಡದಲ್ಲೇ ಮುದ್ರಿಸಬೇಕು ಅಂತ ಮೂರು ಕಡೆ ಹೋದೆವು. ಮೊದಲನೆಯವರು ದರ ಹೇಳಿದರು, ಮುಖಪುಟ ನೋಡಿದರು, ಫೈಲು ತಿರುಗಿಸಿ ನಮ್ಮ ಕೈಗೇ ಕೊಟ್ಟರು. "ಯಾಕ್ ಬೇಕ್ರಿ ಈ ಉಸಾಬರಿ. ಕೆಳಗ ಪ್ರೆಸ್ಸಿನ ಹೆಸರು ಹಾಕಬೇಕಲ್ರಿ, ನಾಳೆ ಯಾರರ ಕಂಪ್ಲೇಂಟ್ ಕೊಟ್ರ ಮೊದಲ ನನ್ನ ಕರೀತಾರ." ಎರಡನೆಯವರು ಒಳಗಿನ ಪುಟ ತೆರೆಯಲೇ ಇಲ್ಲ. "ದ್ವೇಷ" ಅನ್ನುವ ಶಬ್ದ ಕಂಡದ್ದೇ ಬೇಡ ಅಂದರು. ಮೂರನೆಯವರು ಹೆಸರು ಹಾಕದೆ ಮಾಡಿಕೊಡುತ್ತೇನೆ ಅಂದರು. ಅದು ನಮಗೆ ಒಪ್ಪಿಗೆ ಆಗಲಿಲ್ಲ. ಮುದ್ರಕರ ಹೆಸರು ಕೆಳಗೆ ಹಾಕುವ ರೂಢಿ 1867ರ ಕಾಯ್ದೆಯಷ್ಟು ಹಳೆಯದು. ಚುನಾವಣೆಯ ಕರಪತ್ರಕ್ಕಂತೂ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು ಇರಲೇಬೇಕು. ನಮ್ಮದು ಚುನಾವಣೆಯ ಕಾಗದ ಆಗಿರಲಿಲ್ಲ, ಆದರೂ ಹೆಸರಿಲ್ಲದ ಕಾಗದ ಹಂಚಲು ನಮಗೆ ಮನಸ್ಸಾಗಲಿಲ್ಲ. ಹೆಸರಿಲ್ಲದೆ ಬಾಗಿಲ ಸಂದಿಯಲ್ಲಿ ತೂರಿಬರುವ ಕಾಗದಗಳು ಎಂಥವು ಅಂತ ಈ ಊರಿನವರಿಗೆ ಚೆನ್ನಾಗಿ ಗೊತ್ತಿದೆ.

ಆ ಮೂವರ ಮೇಲೂ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡಿನ ಜನ. ಆದರೆ ನೋಡಿ, ಕಾಯ್ದೆಯ ಕೈ ಇನ್ನೂ ನಮ್ಮ ಬೀದಿಗೆ ಚಾಚಿರಲೇ ಇಲ್ಲ. ದ್ವೇಷ ಬೇಡ ಅಂತ ಹೇಳುವ ಪುಸ್ತಿಕೆಯೇ ಮೂರು ಅಂಗಡಿಗಳಿಂದ ವಾಪಸ್ ಬಂತು.

ಕೊನೆಗೆ ನಮ್ಮ ಬ್ಯಾಂಕಿನ ಕಾಕಾ ಗದಗಿಗೆ ಹೋಗೋಣ ಅಂದರು. ಮುದ್ರಣ ಕಾಶಿ ಅಂತ ಸುಮ್ನೆ ಕರೆಯುವುದಿಲ್ಲ ಆ ಊರನ್ನು. ಬೆಟಗೇರಿ ಕಡೆ ಒಂದು ಓಣಿ, ಮುಂದೆ ಮಗ್ಗದ ಸದ್ದು, ಹಿಂದೆ ಪ್ರೆಸ್ಸಿನ ಸದ್ದು. ಬಾಗಿಲಲ್ಲೇ ಶಾಯಿ, ಸೀಮೆಎಣ್ಣೆಯ ವಾಸನೆ ಬರುತ್ತದೆ. ಗೋಡೆಗೆ ಜಾತ್ರೆಯ ಕರಪತ್ರ, ಉರುಸಿನ ಕರಪತ್ರ, ನಾಟಕ ಕಂಪನಿಯ ಹ್ಯಾಂಡ್‌ಬಿಲ್, ಪತ್ತಿನ ಸಹಕಾರಿ ಸಂಘದ ವಾರ್ಷಿಕ ವರದಿ, ಬಂಗಾರದ ಅಂಚಿನ ಲಗ್ನಪತ್ರಿಕೆ. ಒಂದರ ಮೇಲೊಂದು ಮೊಳೆ ಹೊಡೆದು ನೇತುಹಾಕಿದ್ದಾರೆ. ಮಾಲೀಕರಿಗೆ ಅರವತ್ತು ದಾಟಿದೆ. ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿದೆ, ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುವ ಕಾಲದಿಂದ ಹಾಗೇ ಇದೆಯಂತೆ. ಹತ್ತು ವರ್ಷದ ಹುಡುಗನಿದ್ದಾಗಲೇ ಆ ಅಕ್ಷರಗಳ ಖಾನೆಪೆಟ್ಟಿಗೆಯ ಮುಂದೆ ನಿಂತವರು.

ಇಲ್ಲಿ ಒಂದು ಪದ್ಧತಿ ಇದೆ, ಹೋಗುವವರು ತಿಳಿದಿರಬೇಕು. ಏನೇ ಕೊಟ್ಟರೂ ಮಾಲೀಕರು ಪೂರ್ತಿ ಓದಿದ ಮೇಲೆಯೇ ದರ ಹೇಳುತ್ತಾರೆ. ನಾವು ಕೊಟ್ಟ ಪ್ರತಿಯನ್ನು ಸ್ಟೂಲ್ ಮೇಲೆ ಕೂತು, ಕನ್ನಡಕ ಏರಿಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಮುಕ್ಕಾಲು ಗಂಟೆ. ನಮಗೆ ಎರಡು ಸಲ ಚಹಾ ಬಂತು. ಓದಿ ಮುಗಿಸಿ, "ಅಕ್ಕಾರ, ಎಲ್ಲಾ ಮಾತು ನನಗ ಒಪ್ಪಿಗಿಲ್ಲ. ಆದ್ರ ಮುದ್ರಿಸ್ತೀನಿ. ಹೆಸರೂ ಹಾಕ್ತೀನಿ" ಅಂದರು.

ಹಾಗಾದರೆ ನೀವು ಏನು ಬೇಕಾದರೂ ಮುದ್ರಿಸುತ್ತೀರಾ ಅಂತ ನಮ್ಮ ವಕೀಲ ಹುಡುಗ ಕೇಳಿದ. ಇಲ್ಲ ಅಂದರು. 2022ರ ಬೇಸಿಗೆಯಲ್ಲಿ ಒಬ್ಬರು ಬಂದು ಐದು ಸಾವಿರ ಕರಪತ್ರ ಬೇಕು ಅಂದಿದ್ದರಂತೆ. ಜಾತ್ರೆಯಲ್ಲಿ ಇಂಥವರ ಹತ್ತಿರ ಹಣ್ಣು ಕೊಳ್ಳಬೇಡಿ, ಇಂಥವರಿಗೆ ಅಂಗಡಿ ಕೊಡಬೇಡಿ ಅಂತ ಒಕ್ಕಣೆ. ಮುಂಗಡ ಟೇಬಲ್ ಮೇಲೆ ಇಟ್ಟಿದ್ದರು. ಇವರು ಆ ದುಡ್ಡನ್ನು ಅದೇ ಕಾಗದದಲ್ಲಿ ಮಡಚಿ ವಾಪಸ್ ಕೊಟ್ಟರಂತೆ. ಯಾಕೆ ಅಂತ ಕೇಳಿದ್ದಕ್ಕೆ, "ನನ್ನ ಮಷಿನ್ ಮ್ಯಾಲೆ ಇದು ಹತ್ತೂದಿಲ್ಲ" ಅಂದದ್ದು ಅಷ್ಟೇ. ಆ ಗಿರಾಕಿ ಆಮೇಲೆ ತನ್ನ ಸಂಘದ ಬೇರೆ ಕೆಲಸವನ್ನೂ ಇವರಿಗೆ ಕೊಡಲಿಲ್ಲ. ದೊಡ್ಡ ನಷ್ಟವೇ ಆಯಿತು. ಯಾವ ಕಲಮೂ ಅವರಿಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ.

ನಾನು ಈ ಪ್ರೆಸ್ಸಿಗೆ ಮನಸೋತದ್ದು ಅಲ್ಲಿಯೇ. ನಮ್ಮ ಪುಸ್ತಿಕೆ ಹೇಳುವುದೂ ಇದನ್ನೇ. ಇಂಥ ಮಾತನ್ನು ನಾವು ಮುದ್ರಿಸುವುದಿಲ್ಲ, ಹಂಚುವುದಿಲ್ಲ, ಮನೆಯಲ್ಲಿ ಆಡಿದರೆ ಅಲ್ಲೇ ತಡೆಯುತ್ತೇವೆ, ಆಡಿದವರು ಅಣ್ಣನಾಗಲಿ ಮಾವನಾಗಲಿ ಎದುರು ನಿಲ್ಲುತ್ತೇವೆ. ಆದರೆ ಮಾತಿಗೆ ಏಳು ವರ್ಷ ಜೈಲು ಅನ್ನುವ ಬೀಗದ ಕೈಯನ್ನು ಯಾವ ಸರ್ಕಾರದ ಸೊಂಟಕ್ಕೂ ಕಟ್ಟುವುದಿಲ್ಲ.

ಹಾಗಂತ ದ್ವೇಷದ ಮಾತು ಸಣ್ಣದು ಅಂತ ನಾವು ಎಲ್ಲೂ ಬರೆದಿಲ್ಲ. ಅದೇ 2022ರ ಏಪ್ರಿಲ್‌ನಲ್ಲಿ ನಮ್ಮ ಧಾರವಾಡದ ಪಕ್ಕದ ನುಗ್ಗೀಕೇರಿ ಹನುಮಂತನ ಗುಡಿಯ ಹತ್ತಿರ ಮುಸ್ಲಿಂ ವ್ಯಾಪಾರಿಗಳ ಗಾಡಿಗಳನ್ನು ಕೆಡವಿ ಕಲ್ಲಂಗಡಿ ಒಡೆದು ಹಾಕಿದರು. ಆ ವಿಡಿಯೋ ರಾಜ್ಯವೆಲ್ಲ ನೋಡಿತು. ಒಡೆದ ಹಣ್ಣು ರಸ್ತೆಯ ತುಂಬ ಕೆಂಪಗೆ ಬಿದ್ದಿತ್ತು. ಆ ಗುಡಿಗೆ ಶನಿವಾರ ಹೋಗುವವರಲ್ಲಿ ನಾನೂ ಒಬ್ಬಳು. ಆ ದಿನ ರಾತ್ರಿ ಊಟ ಸೇರಲಿಲ್ಲ. ಆದರೆ ಬಿಸಿಲಲ್ಲಿ ಕೂತು ಹಣ್ಣು ಮಾರುವವರ ಗಾಡಿ ಒಡೆಯುವುದು ಅಪರಾಧ ಅಂತ ಹೇಳಲು ಹೊಸ ಕಾಯ್ದೆ ಬೇಕಾ? ಆಸ್ತಿ ಹಾಳು ಮಾಡುವುದು ಅಪರಾಧವೇ. ಹೆದರಿಸುವುದು ಅಪರಾಧವೇ. ಹೋಗಿ ಹೊಡೆಯಿರಿ ಅಂತ ಗುಂಪನ್ನು ಎಬ್ಬಿಸುವುದೂ ಅಪರಾಧವೇ. ಇವೆಲ್ಲ ಮೊದಲಿನಿಂದ ಇವೆ. ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತ್ತು, ದ್ವೇಷ ಭಾಷಣವಾದರೆ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಕೇಸು ಹಾಕಬೇಕು ಅಂತ. ಅಷ್ಟಾದ ಮೇಲೂ ವೇದಿಕೆ ಮೇಲೆ ನಿಂತು ಬೆಂಕಿ ಉಗುಳುವ ದೊಡ್ಡವರು ಆರಾಮಾಗಿ ಓಡಾಡುತ್ತಿದ್ದಾರೆ. ಕಲಂ ಕಡಿಮೆ ಬಿದ್ದಿರಲಿಲ್ಲ, ಅಲ್ವಾ?

ವಿಧೇಯಕದಲ್ಲಿ ಏನಿದೆ ಅಂತ ಕೇಳುವವರಿಗೆ ಎರಡು ಮಾತು. ದ್ವೇಷ ಭಾಷಣ ಅಂದರೆ ಹಾನಿ, ಅಸಾಮರಸ್ಯ, ವೈರ, ದ್ವೇಷ ಅಥವಾ ಕೆಟ್ಟ ಭಾವನೆ ಹುಟ್ಟಿಸುವ ಉದ್ದೇಶದ ಯಾವುದೇ ಅಭಿವ್ಯಕ್ತಿ. ಆಡಿದ ಮಾತು, ಬರಹ, ಚಿತ್ರ, ಮೊಬೈಲಿನಲ್ಲಿ ಕಳಿಸಿದ್ದು, ಎಲ್ಲ ಬರುತ್ತದೆ. ಬದುಕಿರುವ ವ್ಯಕ್ತಿಯ ಬಗ್ಗೆ ಇರಬಹುದು, ಸತ್ತ ವ್ಯಕ್ತಿಯ ಬಗ್ಗೆಯೂ ಇರಬಹುದು. ಧರ್ಮ, ಜಾತಿ, ಲಿಂಗ, ಭಾಷೆ, ಹುಟ್ಟಿದ ಊರು, ಅಂಗವೈಕಲ್ಯ ಹೀಗೆ ಪಟ್ಟಿ ಇದೆ. ಕಡಿಮೆ ಎಂದರೆ ಒಂದು ವರ್ಷ, ಜಾಸ್ತಿ ಎಂದರೆ ಏಳು ವರ್ಷ ಜೈಲು, 50,000 ರೂಪಾಯಿ ದಂಡ. ಠಾಣೆಯಲ್ಲಿ ಜಾಮೀನು ಸಿಗದ ಅಪರಾಧ, ಕೋರ್ಟಿಗೇ ಹೋಗಬೇಕು. ಹೋಲಿಸಿ ನೋಡಿ: ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 153ಎ, ಗುಂಪುಗಳ ನಡುವೆ ವೈರ ಹುಟ್ಟಿಸಿದರೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ.

"ಕೆಟ್ಟ ಭಾವನೆ" ಅನ್ನುವುದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ? ಸತ್ತವರ ಬಗ್ಗೆ ಅಂದರೆ ಇತಿಹಾಸ ಪಾಠ ಹೇಳುವ ಮಾಸ್ತರರು ಏನು ಮಾಡಬೇಕು? ಟಿಪ್ಪುವಿನ ಬಗ್ಗೆ ಒಂದು ಮಾತು ಆಡಿ ನೋಡಿ, ಯಾವ ಕಡೆಯ ಮಾತಾದರೂ ಸರಿ, ಈ ರಾಜ್ಯದಲ್ಲಿ ಯಾರಾದರೊಬ್ಬರ ಭಾವನೆ ಕೆಡುತ್ತದೆ.

ಸಾಹಿತ್ಯ, ಕಲೆ, ವಿಜ್ಞಾನ, ವಿದ್ಯೆಗೆ ವಿನಾಯಿತಿ ಇದೆ, ಅದನ್ನು ಮುಚ್ಚಿಟ್ಟಿಲ್ಲ, ಪುಸ್ತಿಕೆಯ ಏಳನೇ ಪುಟದಲ್ಲಿ ಹಾಕಿದ್ದೇವೆ. ಆದರೆ ಆ ವಿನಾಯಿತಿ ಸಿಗುವುದು ಕೋರ್ಟಿನಲ್ಲಿ. ಅದಕ್ಕೂ ಮುಂಚೆ ಠಾಣೆ ಇದೆ. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಪೊಲೀಸರು ದೇಶದ್ರೋಹದ ಜೊತೆ 153ಎ ಕೂಡ ಹಾಕಿದರು. ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ಮಗುವಿನ ತಾಯಿಯನ್ನೂ ಜೈಲಿಗೆ ಕಳಿಸಿದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಹೋಗಿ ಸಣ್ಣ ಮಕ್ಕಳನ್ನು ಕೂರಿಸಿ ವಿಚಾರಿಸಿದರು. ಹೈಕೋರ್ಟು ಆ ಕೇಸನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಮೂರೂವರೆ ವರ್ಷ. ತಾಯಿ ಜೈಲಿನಲ್ಲಿದ್ದ ಆ ಎರಡು ವಾರ ಆ ಮಗು ರಾತ್ರಿ ಹೇಗೆ ಮಲಗಿತೋ, ಅದನ್ನು ಯಾವ ತೀರ್ಪೂ ತಿರುಗಿ ಕೊಡಲಾರದು.

ಆಗ ಬಿಜೆಪಿ ಸರ್ಕಾರ ಇತ್ತು. 2023ರ ಮಾರ್ಚ್‌ನಲ್ಲಿ ಹಿಂದುತ್ವದ ಬಗ್ಗೆ ಒಂದು ಟ್ವೀಟ್ ಹಾಕಿದ್ದಕ್ಕೆ ನಟ ಚೇತನ್ ಅವರನ್ನು ಬಂಧಿಸಿದಾಗಲೂ ಅದೇ ಸರ್ಕಾರ. ಈಗ ಅದೇ ಪಕ್ಷದವರು ಈ ವಿಧೇಯಕ ವಾಕ್ ಸ್ವಾತಂತ್ರ್ಯದ ಕತ್ತು ಹಿಸುಕುತ್ತದೆ ಅನ್ನುತ್ತಿದ್ದಾರೆ. ಮಾತು ಸರಿ ಇದೆ, ಆಗಲೂ ಹೇಳಬೇಕಿತ್ತು. ಕಾಂಗ್ರೆಸ್ಸಿನದೂ ಬೇರೆ ಕಥೆಯಲ್ಲ. 2013ರಲ್ಲಿ ಅವರ ಸರ್ಕಾರ ಇದ್ದಾಗ "ಢುಂಢಿ" ಕಾದಂಬರಿ ಬರೆದದ್ದಕ್ಕೆ ಯೋಗೇಶ್ ಮಾಸ್ಟರ್ ಅವರನ್ನು ಬಂಧಿಸಿದರು. ಇನ್ನೊಂದು ನೋಡಿ. ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಒಂದು ಕವಿತೆಯ ವಿಡಿಯೋಗಾಗಿ ಗುಜರಾತ್ ಪೊಲೀಸರು ಇದೇ 196ನೇ ಕಲಂ ಹಾಕಿದ್ದರು. ಸುಪ್ರೀಂ ಕೋರ್ಟು 2025ರ ಮಾರ್ಚ್ 28ರಂದು ಅದನ್ನು ರದ್ದು ಮಾಡಿತು. ಅವರ ಪಕ್ಷ ಸಂತೋಷಪಟ್ಟಿತು, ನಾವೂ ಪಟ್ಟೆವು. ಒಂಬತ್ತು ತಿಂಗಳು ತುಂಬುವ ಮೊದಲೇ ಅದೇ ಪಕ್ಷದ ಸರ್ಕಾರ ಇಲ್ಲಿ ಅದಕ್ಕಿಂತ ಗಟ್ಟಿಯಾದ ಹಗ್ಗ ಹೊಸೆಯಿತು. ನಾಳೆ ಹಗ್ಗದ ತುದಿ ಯಾರ ಕೈಯಲ್ಲಿ ಇರುತ್ತದೆ ಅಂತ ಯೋಚನೆ ಮಾಡಲಿಲ್ಲವಾ?

ಮಾಲೀಕರಿಗೆ ತುಂಬ ಹಿಡಿಸಿದ್ದು ಲಾಹೋರಿನ ಪುಟ. ಅವರ ಕಸುಬಿನವರದೇ ಕಥೆ ಅದು. 1924ರಲ್ಲಿ ಲಾಹೋರಿನ ರಾಜಪಾಲ್ ಎಂಬ ಪ್ರಕಾಶಕರು ಪ್ರವಾದಿಯವರನ್ನು ಅವಹೇಳನ ಮಾಡುವ ಒಂದು ಪುಸ್ತಿಕೆ ಹೊರತಂದರು. ಕೊಳಕು ಪುಸ್ತಿಕೆ, ಅದರ ಪರ ನನ್ನದು ಒಂದು ಮಾತೂ ಇಲ್ಲ. 1927ರಲ್ಲಿ ಹೈಕೋರ್ಟು ಅವರನ್ನು ಬಿಟ್ಟಿತು, ಯಾಕೆಂದರೆ ಆಗಿದ್ದ 153ಎ ಅಂಥದಕ್ಕೆ ಹೊಂದುತ್ತಿರಲಿಲ್ಲ. ಗಲಾಟೆ ಎದ್ದಿತು. ಬ್ರಿಟಿಷ್ ಸರ್ಕಾರ ಅದೇ ವರ್ಷ, ಬೇಕಂತಲೇ ಧಾರ್ಮಿಕ ಭಾವನೆ ನೋಯಿಸುವವರನ್ನು ಹಿಡಿಯುವ 295ಎ ಕಲಂ ತಂದಿತು. ಜನ ಶಾಂತರಾದರಾ? 1929ರ ಏಪ್ರಿಲ್‌ನಲ್ಲಿ ರಾಜಪಾಲ್ ಅವರನ್ನು ಇರಿದು ಕೊಂದರು. ಕಲಂ ಪುಸ್ತಕದಲ್ಲೇ ಉಳಿಯಿತು, ಸಂಹಿತೆಯ ಹೆಸರು ಬದಲಾಗಿ ಈಗ 299 ಆಗಿದೆ. ನೂರು ವರ್ಷದಿಂದ ಎಲ್ಲ ಧರ್ಮದವರೂ ಅದನ್ನು ಹಿಡಿದು ಠಾಣೆ ಮೆಟ್ಟಿಲು ಹತ್ತುತ್ತಿದ್ದಾರೆ. ನಮ್ಮ ಭಾವನೆಗಳೇನಾದರೂ ಗಟ್ಟಿಯಾದವಾ? ವರ್ಷದಿಂದ ವರ್ಷಕ್ಕೆ ಬೇಗ ಬೇಗ ನೋಯುವುದನ್ನು ಕಲಿತೆವು, ಅಷ್ಟೇ.

ಅದೇ ಲಾಹೋರಿಗೆ ಸೇರಿದ ಇನ್ನೊಂದು ಮಾತನ್ನು ಮಾಲೀಕರೇ ಸೇರಿಸಲು ಹೇಳಿದರು. 1936ರಲ್ಲಿ ಅಂಬೇಡ್ಕರರನ್ನು ಭಾಷಣಕ್ಕೆ ಕರೆದ ಜಾತಿ ವಿರೋಧಿ ಸಂಘದವರೇ, ಭಾಷಣದ ಪ್ರತಿ ನೋಡಿ ಹೆದರಿ ಸಭೆ ರದ್ದು ಮಾಡಿದರು. ಅಂಬೇಡ್ಕರರು ಅದನ್ನು ತಾವೇ ಅಚ್ಚು ಹಾಕಿಸಿದರು. 1,500 ಪ್ರತಿ, ಎರಡು ತಿಂಗಳಲ್ಲಿ ಖಾಲಿ. ಆ "ಜಾತಿ ವಿನಾಶ" ಓದಿ ಎಷ್ಟು ಜನರ ಎದೆ ಉರಿದಿರಬೇಡ! ಉರಿಯಬೇಕಾದ ಎದೆಗಳೇ ಅವು. ಮೇಲೆ ಕೂತವರ ಭಾವನೆಗೆ ಪೆಟ್ಟು ಬೀಳದೆ ಕೆಳಗಿದ್ದವರು ಒಂದು ಸತ್ಯವನ್ನಾದರೂ ಹೇಳಿದ ಉದಾಹರಣೆ ಇದ್ದರೆ ತೋರಿಸಿ. ನಮ್ಮ ಧಾರವಾಡದ ವಿದ್ವಾಂಸ ಎಂ.ಎಂ. ಕಲಬುರ್ಗಿ ಮೇಷ್ಟ್ರು ಮೂರ್ತಿಪೂಜೆ ಬಗ್ಗೆ ಆಡಿದ ಮಾತಿಗೆ 2014ರಲ್ಲಿ ದೂರುಗಳಾಗಿದ್ದವು. ಮರುವರ್ಷ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಭಾವನೆ ನೋಯಿಸಿದವರನ್ನು ಹಿಡಿಯುವ ಕಲಂ ಬಳಕೆಗೆ ಬಂದದ್ದು ಅವರ ಮೇಲೆ. ಅವರನ್ನು ಕಾಯಲಿಲ್ಲ.

ಇಷ್ಟು ಓದಿ ಮಾಲೀಕರು ಒಪ್ಪಿದರು ಅಂದುಕೊಳ್ಳಬೇಡಿ. "ಅಕ್ಕಾರ, ನೀವು ಓದಿದವ್ರು. ಊರಾಗ ಹಂಗಿಲ್ಲ. ಹೆದರಿಕಿ ಇಲ್ಲಂದ್ರ ಬಾಯಿ ಹಿಡಿಯೂದಿಲ್ಲ ಜನ" ಅಂದರು. ಒಂದೋ ಎರಡೋ ವರ್ಷದ ಶಿಕ್ಷೆ ಇರಲಿ, ಏಳು ವರ್ಷ ಜಾಸ್ತಿ ಆಯಿತು ಅನ್ನುವುದು ಅವರ ನಿಲುವು. ಅರ್ಧ ಗಂಟೆ ವಾದ ಮಾಡಿದೆವು. ಯಾರೂ ದನಿ ಏರಿಸಲಿಲ್ಲ.

ಮಷಿನ್ ನಡೆಸುವ ಅಣ್ಣ ಅಲ್ಲಿಯವರೆಗೆ ಸುಮ್ಮನೆ ರೋಲರ್ ಒರೆಸುತ್ತಿದ್ದರು. ಮುಸ್ಲಿಮರು, ಇಪ್ಪತ್ತು ವರ್ಷದಿಂದ ಅದೇ ಮಷಿನ್ ಮುಂದೆ ಇದ್ದಾರೆ. ಬಟ್ಟೆ ಕೆಳಗಿಟ್ಟು ಕೇಳಿದರು: "ಅಕ್ಕಾ, ನೀವು ಬರದಿದ್ದು ಖರೇ ಇರಬಹುದು. ಆದ್ರ ಅಂಥಾ ದ್ವೇಷದ ಚೀಟಿ ನಮ್ಮ ಮನಿ ಬಾಗಲಾಗ ಬಿದ್ದಾಗ ನಾವ್ ಏನ್ ಮಾಡ್ಬೇಕು? ನಿಮ್ಮ ಪುಸ್ತಕದಾಗ ಅದು ಎಲ್ಲೈತಿ?"

ಎಲ್ಲಿಯೂ ಇರಲಿಲ್ಲ. ನಮ್ಮ ಹದಿನಾರು ಪುಟದಲ್ಲಿ ಸರ್ಕಾರ ಏನು ಮಾಡಬಾರದು ಅಂತ ಇತ್ತು, ನೆರೆಯವರು ಏನು ಮಾಡಬೇಕು ಅಂತ ಇರಲಿಲ್ಲ. ನನಗೆ ಉತ್ತರ ತೋಚಲಿಲ್ಲ. ಆ ಮಾತಿನ ಪೆಟ್ಟು ನನ್ನ ಬಾಗಿಲಿಗೆ ಬೀಳುವುದಿಲ್ಲ, ಅವರ ಬಾಗಿಲಿಗೆ ಬೀಳುತ್ತದೆ. ಮಾತನಾಡಲು ಬಿಡಿ ಅಂತ ನಾನು ಹೇಳುವಾಗ ಬೆಲೆ ತೆರುವವರು ಅವರು. ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಕಾಕಾ, "ಹದಿಮೂರನೇ ಪುಟ ತೆಗೀರಿ, ಹೊಸದಾಗಿ ಬರೀರಿ" ಅಂದರು.

ಬರೆದೆವು. ಮೊದಲಿದ್ದ ಅಮೆರಿಕದ ಉದಾಹರಣೆ ತೆಗೆದೆವು. ಈಗ ಆ ಪುಟದಲ್ಲಿ ಇರುವುದು ಹೀಗಿದೆ. ಚೀಟಿಯಲ್ಲಿ ಹೊಡೆಯಿರಿ, ಸುಡಿರಿ, ಓಡಿಸಿರಿ ಅಂತ ಇದ್ದರೆ ಅದು ಬೆದರಿಕೆ, ಅದು ಪ್ರಚೋದನೆ. ಅದರ ಮೇಲೆ ಕೇಸು ಹಾಕಲೇಬೇಕು, ದೂರು ಕೊಡಲು ನಾವು ಆರೂ ಜನ ಜೊತೆಗೆ ಬರುತ್ತೇವೆ. ಸುಪ್ರೀಂ ಕೋರ್ಟು 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಹೊಡೆದುಹಾಕುವಾಗ ಗೆರೆ ಎಳೆದದ್ದೂ ಅಲ್ಲಿಯೇ: ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಎದುರಿಗೆ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅದನ್ನು ನಾವು ವಿರೋಧಿಸುತ್ತಿಲ್ಲ. ಇನ್ನು ಚೀಟಿಯಲ್ಲಿ ಇಂಥವರ ಹತ್ತಿರ ಕೊಳ್ಳಬೇಡಿ ಅಂತ ಮಾತ್ರ ಇದ್ದರೆ, ಮರುದಿನ ಬೆಳಿಗ್ಗೆ ನಾವು ಅವರ ಹತ್ತಿರವೇ ಹೋಗಿ ಕೊಳ್ಳುತ್ತೇವೆ. ಓಣಿಯವರನ್ನು ಕರೆದುಕೊಂಡು ಹೋಗಿ ಕೊಳ್ಳುತ್ತೇವೆ. ಕೆಳಗೆ ನಮ್ಮ ಆರೂ ಜನರ ಹೆಸರು, ಫೋನ್ ನಂಬರು ಹಾಕಿದ್ದೇವೆ.

ಈ ಉತ್ತರ ಮಷಿನ್ ನಡೆಸುವ ಅಣ್ಣನಿಗೆ ಸಾಕಾಯಿತಾ ಗೊತ್ತಿಲ್ಲ. ಹೊಸ ಪುಟ ಓದಿ, "ನಂಬರ್ ಹಾಕೀರಲ್ಲ, ಅದು ಛಲೋ ಆತು" ಅಂದರು.

ಇನ್ನು ಕಳೆದ ಒಂದು ಸ್ಟಾರ್. ಮೊದಲ ಪ್ರೂಫ್ ಬಹಳ ಕೆಟ್ಟದಾಗಿ ಬಂತು. ನಾವು ಯೂನಿಕೋಡ್‌ನಲ್ಲಿ ಕಳಿಸಿದ್ದೆವು, ಅವರ ಡಿಟಿಪಿ ಹಳೆಯ ನುಡಿ ಫಾಂಟಿನಲ್ಲಿ. ಪರಿವರ್ತನೆ ಮಾಡುವಾಗ ಒತ್ತಕ್ಷರ ಹಾರಿಹೋಗಿದ್ದವು, ಅರ್ಕಾವತ್ತು ಎಲ್ಲೆಲ್ಲೋ ಕೂತಿದ್ದವು. "ಧರ್ಮ" ಹನ್ನೊಂದು ಕಡೆ "ಧಮ" ಆಗಿತ್ತು. "ದ್ವೇಷ" ವತ್ತು ಕಳಕೊಂಡು "ದೇಷ" ಆಗಿತ್ತು, ಅವಸರದಲ್ಲಿ ಓದಿದರೆ "ದೇಶ" ಅನ್ನಿಸುತ್ತಿತ್ತು. ಇಂಥ ವಿಷಯದ ಪುಸ್ತಿಕೆಯಲ್ಲಿ ಆ ತಪ್ಪು ಉಳಿದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಲಸುತ್ತದೆ. ಮೂರು ಸಲ ಪ್ರೂಫ್ ನೋಡಿದೆವು. ಡಿಟಿಪಿ ಮಾಡುವ ಹುಡುಗಿ ಬೇಜಾರಿಲ್ಲದೆ ಪ್ರತಿ ಸಲ ತಿದ್ದಿದಳು, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ 2026ರಲ್ಲಿ ಈ ಫಾಂಟಿನ ಕಾಟ ಇರಬಾರದು. ಹೋಗುವವರು ನೆನಪಿಡಿ: ಪ್ರಿಂಟ್ ಹಾಕಿದ ಕಾಗದದ ಮೇಲೇ ಪ್ರೂಫ್ ನೋಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ನಂಬಬೇಡಿ.

ಮುದ್ರಣ ಮಾತ್ರ ಚೆನ್ನಾಗಿದೆ. ಶಾಯಿ ಎಲ್ಲ ಪುಟದಲ್ಲೂ ಒಂದೇ ಸಮ. ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುವುದಿಲ್ಲ. ಪಿನ್ನು ನೇರವಾಗಿ ಮಡಿಕೆಯ ಮೇಲೆಯೇ ಬಿದ್ದಿದೆ, ನೂರು ಪ್ರತಿ ಬಿಡಿಸಿ ನೋಡಿದೆ, ಎರಡರಲ್ಲಿ ಮಾತ್ರ ಸ್ವಲ್ಪ ಓರೆ. ಕಟಿಂಗ್ ಸ್ವಚ್ಛ. ಮುಖಪುಟದ ಕೆಂಪು ನಾವು ಹೇಳಿದ್ದಕ್ಕಿಂತ ಒಂದು ಮಟ್ಟ ಗಾಢವಾಗಿದೆ, ನನಗೆ ಅದೇ ಹಿಡಿಸಿತು. ಕಟ್ಟು ಕಟ್ಟಿದ್ದು ಹಳೆಯ ಪಂಚಾಂಗದ ಹಾಳೆಯಲ್ಲಿ, ನೂರು ನೂರರ ಐದು ಕಟ್ಟು, ಎಣಿಕೆ ಸರಿ ಇತ್ತು. ಮೇಲೆ ಏಳು ಪ್ರತಿ ಜಾಸ್ತಿ ಇಟ್ಟಿದ್ದರು.

ಹಣ ಫೋನ್‌ಪೇ ಆಗುತ್ತದೆ. ಅರ್ಧ ಮುಂಗಡ. ಸೋಮವಾರ ಬೆಳಿಗ್ಗೆ ಹೋಗಬೇಡಿ, ಕರೆಂಟು ಇರುವುದಿಲ್ಲ. ಲಗ್ನದ ಸೀಸನ್‌ನಲ್ಲಿ ಪುಸ್ತಕದ ಕೆಲಸ ಹಿಂದೆ ಬೀಳುತ್ತದೆ, ನಮಗೆ ತಡವಾದದ್ದು ಅದರಿಂದಲೇ.

ಪುಸ್ತಿಕೆಯನ್ನು ಧಾರವಾಡದ ಸುಭಾಸ ರಸ್ತೆಯಲ್ಲಿ, ಕಾಲೇಜುಗಳ ಮುಂದೆ, ಎರಡು ಮಸೀದಿ, ಮೂರು ಮಠಗಳಲ್ಲಿ ಕೈಯಾರೆ ಕೊಟ್ಟೆವು. ಕೆಲವರು ಬೈದರು. ಒಬ್ಬರು ನನ್ನ ಎದುರೇ ಹರಿದು ಹಾಕಿದರು. ಹರಿಯುವುದು ಅವರ ಹಕ್ಕು, ನಾನು ಇನ್ನೊಂದು ಪ್ರತಿ ಕೊಟ್ಟೆ, ಅದನ್ನು ಜೇಬಿಗೆ ಹಾಕಿಕೊಂಡರು. ಹದಿಮೂರನೇ ಪುಟದ ನಂಬರಿಗೆ ಇದುವರೆಗೆ ನಾಲ್ಕು ಕರೆ ಬಂದಿವೆ. ಮೂರು ಕರೆ ವಾದ ಮಾಡಲು. ನಾಲ್ಕನೆಯದು ಒಂದು ಹಳ್ಳಿಯಿಂದ, ಬಳೆ ಮಾರುವ ಅವ್ವನದು. ಜಾತ್ರೆಯಲ್ಲಿ ಜಾಗ ಕೊಡುವುದಿಲ್ಲ ಅಂದಿದ್ದಾರೆ, ಬರುತ್ತೀರಾ ಅಂತ ಕೇಳಿದರು. ಬರುವ ಮಂಗಳವಾರ ಹೋಗುತ್ತಿದ್ದೇವೆ, ನಾವು ಆರು ಜನ, ಜೊತೆಗೆ ಓಣಿಯ ಹನ್ನೊಂದು ಹೆಣ್ಣುಮಕ್ಕಳು.

ಪ್ರತಿಗಳು ಮುಗಿಯುತ್ತಾ ಬಂದಿವೆ. ಮತ್ತೆ 300 ಹಾಕಿಸಲು ಗದಗಿಗೆ ಫೋನ್ ಮಾಡಿದ್ದೆ. ಪ್ಲೇಟು ಇಟ್ಟಿದ್ದಾರಂತೆ, ಹಾಗಾಗಿ ದರ ಕಡಿಮೆ ಮಾಡುತ್ತೇನೆ ಅಂದರು.